ಹೆಲ್ಮೆಟ್ಟಿಲ್ಲದೆ ಓಡಿದ ಕೌಸರ ಸಿಸ್ಟರ್

ಕೌಸರ ನದಾಫ ಹೊಳೆಆಲೂರಿನ ಆಚೆಗಿನ ಒಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಸುತ್ತಲಿನ ಹಳ್ಳಿಯವರಿಗೆಲ್ಲ ಕೌಸರ ಸಿಸ್ಟರ್. ನಾನು ಅವರನ್ನು ಹತ್ತಿರದಿಂದ ನೋಡಿದ್ದು ನಮ್ಮ ಅತ್ತೆಯ ಕಾಲಿಗೆ ಪಟ್ಟಿ ಕಟ್ಟಿಸಲು ಹೋಗುತ್ತಿದ್ದಾಗ. ಸಕ್ಕರೆ ಕಾಯಿಲೆಯವರ ಗಾಯ, ಒಣಗುವುದಕ್ಕೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಹಳೆಯ ಪಟ್ಟಿ ಬಿಚ್ಚುವಾಗ ನೋವಿನ ಕಡೆ ಲಕ್ಷ್ಯ ಹೋಗಬಾರದೆಂದು ಏನಾದರೊಂದು ಮಾತಾಡುತ್ತಿರುವುದು ಕೌಸರ ಅವರ ರೂಢಿ. ಹಾಗೆ ಮಾತಾಡುತ್ತ ಒಂದು ದಿನ, "ನಾ ಮಂಗಳಗ್ರಹದಾಗ ಇದ್ದಾಗ ಏನಾತು ಗೊತ್ತೇನಬೇ..." ಎಂದು ಶುರು ಮಾಡಿದರು. ನಮ್ಮ ಅತ್ತೆ ನೋವು ಮರೆತು ನನ್ನ ಮುಖ ನೋಡಿದರು.

ಆ ಬೇಸಿಗೆಯಲ್ಲಿ ಅವರು ಬಿಡಿಬಿಡಿಯಾಗಿ ಹೇಳಿದ್ದನ್ನೂ, ಆಮೇಲೆ ಅರುಣಕುಮಾರ ಅವರನ್ನು ಕಂಡು ಕೇಳಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೌಸರ ಹುಟ್ಟಿದ್ದು ಗಜೇಂದ್ರಗಡದಲ್ಲಿ. ತಂದೆ ಬಾಷಾಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವರು. ತಾಯಿ ಹಸನಬಿ. ಮನೆಯಲ್ಲಿ ಆಡುವ ಮಾತು ಕನ್ನಡವೇ. ಹತ್ತಿಯ ಧೂಳಿನಲ್ಲಿ ಕೆಮ್ಮುತ್ತ ದುಡಿಯುವ ಅಪ್ಪನಿಗೆ ಔಷಧ ತರಲು ದವಾಖಾನೆಗೆ ಓಡಾಡುತ್ತಲೇ ಹುಡುಗಿಗೆ ನರ್ಸು ಆಗಬೇಕೆಂಬ ಮನಸ್ಸಾಯಿತು. ಓದಿದರು, ನೌಕರಿ ಹಿಡಿದರು. ಸರಕು ಟೆಂಪೊ ಓಡಿಸುವ ಮುನಾವರ ಅವರನ್ನು ಮದುವೆಯಾದರು. ತಬಸ್ಸುಮ ಎಂಬ ಮಗಳಾದಳು. ಇಷ್ಟರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದು ಅವರೇ ಅನ್ನುತ್ತಾರೆ.

ಹೇಳುವಂಥದ್ದು ಶುರುವಾದದ್ದು ಮಲಪ್ರಭೆ ಉಕ್ಕಿದ ವರ್ಷ. ಮೆಣಸಗಿಯ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಕೌಸರ ಆ ದಿನ ಲಸಿಕೆ ಹಾಕಲೆಂದು ಒಂದು ಹಳ್ಳಿಗೆ ಹೋಗಿದ್ದವರು ಅಲ್ಲೇ ಸಿಕ್ಕಿಬಿದ್ದರು. ಊರ ಶಾಲೆಗೆ ಮೇಲೊಂದು ಅಂತಸ್ತು ಇತ್ತು. ಬಾಣಂತಿ, ಮುದುಕರು, ಮಕ್ಕಳು, ಅವರ ಹಿಂದೆ ಉಳಿದವರು, ಎಲ್ಲರನ್ನೂ ಅಲ್ಲಿಗೆ ಹತ್ತಿಸಿದರು. ಸುತ್ತ ಕಣ್ಣು ಹಾಯಿಸಿದಷ್ಟೂ ಕೆಂಪು ನೀರು. ಕುಡಿಯಲು ಮಾತ್ರ ಬಿಸಿಯೂಟದ ಎರಡು ದೊಡ್ಡ ಪಾತ್ರೆಗಳಲ್ಲಿ ಇದ್ದಷ್ಟೇ.

ಮೊದಲ ದಿನವೇ ಜಗಳ ಹತ್ತಿತು. ಪರಶಪ್ಪ ಎಂಬಾತ ತನ್ನ ಮನೆಯವರಿಗೆ ಮೊದಲು ನೀರು ಕೊಡಬೇಕೆಂದು ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಕೂಗಾಡಿದ. ಕೌಸರ ಅವನಿಗೆ ಎದುರಾಡಲಿಲ್ಲ. ಕೈಯಲ್ಲಿದ್ದ ಚರಿಗೆಯನ್ನು ಅವನ ಕೈಗೇ ಕೊಟ್ಟರು.

"ತಗೋ ಪರಶಣ್ಣ, ಇನ್ನ ಮುಂದ ನೀರು ನೀನ ಹಂಚಬೇಕು. ಯಾರಿಗೂ ಹೆಚ್ಚು ಆಗಬಾರದು, ಯಾರಿಗೂ ಕಮ್ಮಿ ಆಗಬಾರದು. ಎಲ್ಲಾರೂ ನಿನ್ನ ಕೈನ ನೋಡ್ತಿರ್ತಾರ."

ಪರಶಪ್ಪ ಚರಿಗೆ ಹಿಡಿದು ಪಾತ್ರೆಯ ಬಳಿ ಕೂತ. ಆಮೇಲೆ ಹಂಚತೊಡಗಿದ. ಕೊನೆಗೆ ತಾನು ಕುಡಿದ. ಅವನ ಹಾಗೆ ಪ್ರತಿಯೊಬ್ಬರಿಗೂ ಕೌಸರ ಒಂದೊಂದು ಕೆಲಸ ಹಚ್ಚಿದರು. ಒಬ್ಬಳು ಮಕ್ಕಳನ್ನು ಆಡಿಸಬೇಕು, ಒಬ್ಬ ದೋಣಿ ಬರುವುದನ್ನು ಕಾಯಬೇಕು, ಇಬ್ಬರು ಮುದುಕಿಯರು ಬಾಣಂತಿಯ ಮಗ್ಗುಲು ಬಿಟ್ಟು ಏಳಬಾರದು.

ಕೊನೆಗೂ ದೋಣಿ ಬಂದಾಗ ಅದರಲ್ಲಿ ಅರುಣಕುಮಾರ ಇದ್ದರು. ನರಗುಂದದವರು, ಧಾರವಾಡದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು. ವಿದ್ಯಾರ್ಥಿಗಳ ಜತೆ ಪರಿಹಾರದ ಕೆಲಸಕ್ಕೆ ಬಂದಿದ್ದರು. ಅಷ್ಟು ಹೊತ್ತಿಗೆ ಅವರು ಎಷ್ಟೋ ಮಾಳಿಗೆಗಳಿಂದ ಜನರನ್ನು ಇಳಿಸಿದ್ದರು, ಎಲ್ಲ ಕಡೆಯೂ ದೋಣಿ ಕಂಡ ಕೂಡಲೇ ನೂಕುನುಗ್ಗಲು. ಇಲ್ಲಿ ಮಾತ್ರ ಯಾರೂ ಮುಗಿಬೀಳಲಿಲ್ಲ. ಬಾಣಂತಿ ಮೊದಲು ಇಳಿದಳು, ಆಮೇಲೆ ಮುದುಕರು. ನರ್ಸು ಎಲ್ಲರಿಗಿಂತ ಕೊನೆಗೆ ಇಳಿದರು. ದೋಣಿಯಲ್ಲಿ ಕೂತ ಮೇಲೆ ಅರುಣಕುಮಾರ ಕೇಳಿದರು: "ಹ್ಯಾಂಗ ಸಂಭಾಳಿಸಿದ್ರಿ ಸಿಸ್ಟರ್ ಇಷ್ಟ ಮಂದೀನ?"

"ನಾ ಏನ್ ಸಂಭಾಳಿಸಲಿರಿ ಸರ್, ಅವರ ಒಬ್ಬರನ್ನೊಬ್ಬರು ಸಂಭಾಳಿಸಿದ್ರು" ಎಂದವರೇ ಕೌಸರ ಕೂತಲ್ಲೇ ನಿದ್ದೆ ಹೋದರು.

ಮರುವರ್ಷದ ಚಳಿಗಾಲದಲ್ಲಿ ಫೋನು ಬಂತು. ಚಂದ್ರಯಾನ ಹಾರಿದ ಸುದ್ದಿ ಇನ್ನೂ ಬಿಸಿಯಾಗಿದ್ದ ದಿನಗಳು.

"ಸಿಸ್ಟರ್, ನಾ ಅರುಣಕುಮಾರ. ಮಂಗಳಗ್ರಹಕ್ಕ ಬರ್ತೀರೇನ್ರಿ?"

"ಸರ್, ಮುಂಜಾನಿ ಮುಂಜಾನಿ ಚ್ಯಾಷ್ಟಿ ಮಾಡಬ್ಯಾಡ್ರಿ. ಇಲ್ಲಿ ಪೇಶಂಟು ಕುಂತಾರ."

ಅರುಣಕುಮಾರ ತಾಳ್ಮೆಯಿಂದ ತಿಳಿಸಿ ಹೇಳಿದರು. ರಾಜಸ್ಥಾನದ ಮರುಭೂಮಿಯಲ್ಲಿ, ಊರು ಕೇರಿ ಏನೂ ಇಲ್ಲದ ಕಡೆ, ಒಂದು ವಿಜ್ಞಾನ ಸಂಸ್ಥೆಯವರು ಒಂದು ಮನೆ ಕಟ್ಟಿದ್ದರು. ಮುಂದೆ ಎಂದೋ ಮನುಷ್ಯರು ಮಂಗಳಗ್ರಹಕ್ಕೆ ಹೋದರೆ ಅಲ್ಲಿ ಎಂಥ ಮನೆ ಕಟ್ಟಿಕೊಂಡು ಇರಬೇಕಾಗುತ್ತದೋ ಅಂಥದ್ದು. ಆರು ಜನ ಅದರೊಳಗೆ ಹೋಗಿ, ತಾವು ಮಂಗಳದಲ್ಲೇ ಇದ್ದೇವೆ ಎಂದುಕೊಂಡು ಬದುಕಬೇಕು. ಇದ್ದಷ್ಟೇ ನೀರು, ಇದ್ದಷ್ಟೇ ಅನ್ನ. ಹೊರಗಿನ ಗಾಳಿ ವಿಷ ಎಂದೇ ತಿಳಿಯಬೇಕು. ಮೈತುಂಬ ದಪ್ಪ ಉಡುಪು, ತಲೆಗೆ ಹೆಲ್ಮೆಟ್ಟು ಇಲ್ಲದೆ ಬಾಗಿಲು ದಾಟುವಂತಿಲ್ಲ.

"ಡಾಕ್ಟರ್ ಹೊರಗ ಕ್ಯಾಂಪಿನ್ಯಾಗ ಇರ್ತಾರ್ರಿ. ಒಳಗ ಒಬ್ರು ನರ್ಸ್ ಬೇಕು. ಅರ್ಜಿ ಭಾಳ ಬಂದಾವ. ಆದ್ರ ಒಂದ ಕ್ವಾಣ್ಯಾಗ ಮಂದಿ ಕೂಡ ಸಿಕ್ಕೊಂಡು, ಎಲ್ಲಾರನೂ ಜ್ವಾಪಾನ ಮಾಡಿದವರು ಅಂದ್ರ ನನಗ ನೀವ ನೆನಪಾದ್ರಿ."

ಸಂಜೆ ಮನೆಯಲ್ಲಿ ಈ ಮಾತು ತೆಗೆದಾಗ ಮುನಾವರ ಮೊದಲು ನಕ್ಕರು. ಆಮೇಲೆ ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದರು. "ನಿನಗ ಹೋಗೂ ಮನಸೈತಿ ಹೌದಿಲ್ಲೊ? ಹೋಗು. ರಜಾ ಹಾಕು. ಮಗಳನ್ನ ಗಜೇಂದ್ರಗಡಕ್ಕ ಬಿಟ್ಟರಾತು."

ಗಜೇಂದ್ರಗಡದಲ್ಲಿ ಹಸನಬಿಗೆ ಇದು ಅರ್ಥವೇ ಆಗಲಿಲ್ಲ. "ಹೊಳಿ ಬಂದಾಗ ಕುಡಿಯಾಕ ನೀರಿಲ್ಲದ ಸಾಯಾಕ ಬಂದಿದ್ದಿ. ಈಗ ಬೇಕಂತ ನೀರಿಲ್ಲದಲ್ಲಿಗೆ ಹೊಂಟಿಯಲ್ಲ, ನಿನಗೇನರ ಹುಚ್ಚು ಹಿಡದೈತೇನ?"

ಬಾಷಾಸಾಬ ಹೊಲಿಯುತ್ತಿದ್ದ ಗಾದಿಗೆ ಸೂಜಿ ಚುಚ್ಚಿ ಇಟ್ಟರು. ಒಂದೇ ಒಂದು ಮಾತು ಕೇಳಿದರು. "ಅಲ್ಲಿ ನಮಾಜಿಗೆ ಯಾ ಕಡೆ ಮುಖಾ ಮಾಡ್ತಿ ಮಗಳ?"

"ಅಪ್ಪಾ, ಅದು ರಾಜಸ್ಥಾನ. ಇಲ್ಲಿ ಯಾ ಕಡೆನೋ ಅಲ್ಲೂ ಆ ಕಡೆನ."

"ಹಂಗಾರ ಹೋಗಿ ಬಾ" ಎಂದು ಮುದುಕ ಮತ್ತೆ ಸೂಜಿ ಹಿಡಿದರು.

ಬೈದ ಹಸನಬಿಯೇ ಮರುದಿನ ಒಲೆ ಹೊತ್ತಿಸಿ ಕೂತರು. ಹಪ್ಪಳದಷ್ಟು ತೆಳ್ಳಗಿನ ಜೋಳದ ಕಟಕ ರೊಟ್ಟಿ ಬಡಿದು, ಒಣಗಿಸಿ, ದೊಡ್ಡ ಡಬ್ಬಿಯ ತುಂಬ ಜೋಡಿಸಿದರು. ಶೇಂಗಾ ಚಟ್ನಿ, ಅಗಸೆ ಚಟ್ನಿ ಕುಟ್ಟಿ ಕಟ್ಟಿದರು. ತಿಂಗಳುಗಟ್ಟಲೆ ಇಟ್ಟರೂ ಕೆಡದ ಊಟ. ಮರುಭೂಮಿಯ ಕ್ಯಾಂಪಿನ ಹಿರಿಯರು ಡಬ್ಬಿ ಬಿಚ್ಚಿಸಿ ನೋಡಿ, ಇದಕ್ಕೆ ನೀರು ಬೇಡ, ಬೆಂಕಿ ಬೇಡ ಎಂದು ತಿಳಿದ ಮೇಲೆ ಖುಷಿಯಿಂದ ಒಳಗೆ ಬಿಟ್ಟರಂತೆ.

ಆ ಜಾಗ ಕೌಸರ ಅವರಿಗೆ ಮೊದಲ ನೋಟಕ್ಕೇ ಹೆದರಿಕೆ ತಂದಿತು. ಮರ ಇಲ್ಲ, ಹಕ್ಕಿ ಇಲ್ಲ, ಕೆಂಪು ಕಲ್ಲು ಮತ್ತು ಪುಡಿಮಣ್ಣು ಅಷ್ಟೇ. ನಡುವೆ ದೊಡ್ಡ ಕಣಜದ ಹಾಗೆ ದುಂಡನೆಯ ಬಿಳಿ ಮನೆ. ಕೆಳಗೆ ಕೆಲಸದ ಕೋಣೆ, ಮೇಲೆ ಮಲಗುವ ಗೂಡುಗಳು. ಪಕ್ಕದಲ್ಲಿ ಮೆಂತ್ಯ, ಪಾಲಕ ಬೆಳೆಯುವ ಗಾಜಿನ ಗೂಡು. ಹೊರಗೆ ಹೋಗಲು ಎರಡು ಬಾಗಿಲು. ಒಂದನ್ನು ಮುಚ್ಚಿ, ನಡುವಿನ ಸಣ್ಣ ಕೋಣೆಯಲ್ಲಿ ಗಾಳಿ ಬದಲಾಗುವ ತನಕ ಕಾದು, ಆಮೇಲೆ ಇನ್ನೊಂದನ್ನು ತೆರೆಯಬೇಕು. ಗಾಳಿ ನಿಜವಾಗಿ ಬದಲಾಗುತ್ತಿರಲಿಲ್ಲ, ಕಾಯುವುದು ಮಾತ್ರ ನಿಜ.

ತಂಡದ ನಾಯಕರು ವಾಯುಪಡೆಯಿಂದ ನಿವೃತ್ತರಾದ ಬಂಗಾಳಿ. ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದರು. ಯಂತ್ರಗಳಿಗೆ ಒಬ್ಬ ತಮಿಳು ಎಂಜಿನಿಯರು, ಗಿಡಗಳಿಗೆ ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಒಬ್ಬ ಮರಾಠಿ ಹೆಂಗಸು, ಮನಸ್ಸಿನ ಅಧ್ಯಯನಕ್ಕೆ ದಿಲ್ಲಿಯ ಒಬ್ಬ ತರುಣಿ, ಕಲ್ಲುಮಣ್ಣಿಗೆ ಅರುಣಕುಮಾರ, ಮೈಕೈಗೆ ಕೌಸರ. ಮಾತೆಲ್ಲ ಹಿಂದಿಯಲ್ಲಿ. ಸ್ವಲ್ಪ ದೂರದ ಕ್ಯಾಂಪಿನಲ್ಲಿ ಮೇಲ್ವಿಚಾರಕರಿದ್ದರು. ಅವರೊಡನೆ ರೇಡಿಯೊದಲ್ಲಿ ಮಾತಾಡಿದರೆ, ಮಂಗಳದಿಂದ ಮಾತು ಭೂಮಿಗೆ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ತಡಮಾಡಿಯೇ ಉತ್ತರ ಕೊಡುತ್ತಿದ್ದರು.

ಮೊದಲ ವಾರ ಕೌಸರ ಅವರಿಗೆ ಒಳಗೊಳಗೇ ಸಿಟ್ಟು. ಒಂದು ಬಟ್ಟಲು ನೀರಲ್ಲಿ ಮುಖ ತೊಳೆದು, ಅದೇ ನೀರನ್ನು ಗಿಡಕ್ಕೆ ಹಾಕುವಾಗ ಶಾಲೆಯ ಮಾಳಿಗೆ ನೆನಪಾಗುತ್ತಿತ್ತು. ಅಲ್ಲಿ ಮಕ್ಕಳು ನಾಲಗೆ ಒಣಗಿ ಅತ್ತಿದ್ದವು. ಇಲ್ಲಿ ಒಂದು ಮಾತು ಹೇಳಿದರೆ ಜೀಪಿನ ತುಂಬ ನೀರು ಬರುತ್ತದೆ. ಓದಿದವರು ಬೇಕೆಂದೇ ಬಾಯಾರಿಕೆಯ ಆಟ ಆಡುವುದೇ? ಒಂದು ಸಂಜೆ ಅರುಣಕುಮಾರ ಅವರ ಮುಂದೆ ಹೇಳಿಯೇಬಿಟ್ಟರು. "ಸರ್, ಇದು ನನಗ ಸೇರವಲ್ದು. ಸುಳ್ಳ ಸುಳ್ಳ ಬರಗಾಲ."

ಅರುಣಕುಮಾರ ವಾದ ಮಾಡಲಿಲ್ಲ. "ಇನ್ನೊಂದೀಟು ದಿನ ನೋಡ್ರಿ ಸಿಸ್ಟರ್. ಆಮ್ಯಾಲೂ ಸೇರಲಿಲ್ಲಂದ್ರ ನಾನ ಕಳಿಸಿಕೊಡ್ತೀನಿ."

ಕೌಸರ ಅವರ ಮನಸ್ಸು ತಿರುಗಿದ್ದು ಒಂದು ಜಗಳದಿಂದ. ಗಿಡದ ಬಾಯಿಯವರು ತಮ್ಮ ಮೆಂತ್ಯಕ್ಕೆ ಪಾಲಿಗಿಂತ ಹೆಚ್ಚು ನೀರು ಹಾಕಿದರೆಂದು ಎಂಜಿನಿಯರು ಕೂಗಾಡಿದರು. ಬಾಯಿಯವರು ಅತ್ತರು. ಇಬ್ಬರೂ ಮಾತು ಬಿಟ್ಟರು, ಬೇರೆ ಬೇರೆ ಹೊತ್ತಿಗೆ ಉಣ್ಣತೊಡಗಿದರು. ರಕ್ತದೊತ್ತಡ ನೋಡುವಾಗ ಕೌಸರ ಕಂಡರು, ಇಬ್ಬರದೂ ಏರಿತ್ತು. ಇಬ್ಬರಿಗೂ ನಿದ್ದೆ ಇರಲಿಲ್ಲ. ಮಾಳಿಗೆಯ ಮೇಲೆ ಕಂಡದ್ದೇ ಇಲ್ಲೂ ಇತ್ತು.

"ಬರಾ ಸುಳ್ಳ ಇತ್ತವ್ವಾ, ಸಿಟ್ಟ ಖರೇ ಇತ್ತು" ಎಂದು ನನಗೆ ಹೇಳಿದರು. "ಆವಾಗ ಅನಿಸ್ತು, ಇದನ್ನ ಇಲ್ಲೇ ಕಲತ್ರ ಛಲೋ. ಮಂಗಳಕ್ಕ ಹೋದ ಮ್ಯಾಲ ಯಾರು ಕಲಸ್ತಾರ?"

ಆವತ್ತಿನಿಂದ ಅವರು ಒಂದು ಪದ್ಧತಿ ಹಾಕಿದರು. ರಾತ್ರಿಯ ಊಟ ಆರೂ ಜನ ಒಟ್ಟಿಗೆ, ನೆಲದ ಮೇಲೆ ದುಂಡಗೆ ಕೂತು. ನಡುವೆ ರೊಟ್ಟಿಯ ಡಬ್ಬಿ. ಎಲ್ಲರೂ ಬರುವ ತನಕ ಡಬ್ಬಿಯ ಮುಚ್ಚಳ ತೆರೆಯುತ್ತಿರಲಿಲ್ಲ. ಪುಡಿಯನ್ನು ಕಲಸಿ ಮಾಡಿದ ಸಪ್ಪೆ ಊಟ ತಿಂದು ಬೇಸತ್ತವರಿಗೆ ಆ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಆಸೆ ದೊಡ್ಡದು. ಎಂಜಿನಿಯರು ಮೊದಲ ದಿನ ಮುಖ ಗಂಟಿಕ್ಕಿಕೊಂಡೇ ಬಂದು ಕೂತರು. ಎರಡು ಮೂರು ಊಟದಲ್ಲಿ ಮಾತು ಮರಳಿತು.

ಇನ್ನೊಂದು ಕೆಲಸವನ್ನೂ ಅವರು ತಾವಾಗಿ ಹಚ್ಚಿಕೊಂಡರು. ಹೊರಗೆ ಹೋಗುವ ಉಡುಪಿನ ಬೆನ್ನ ಮೇಲೆ ಭಾರದ ಪೆಟ್ಟಿಗೆ ಇರುತ್ತಿತ್ತು. ಅದರ ಪಟ್ಟಿ ತಿಕ್ಕಿ ಎಲ್ಲರ ಹೆಗಲೂ ಹುಣ್ಣಾಗಿತ್ತು. ಕೌಸರ ಒಂದು ತಲೆದಿಂಬು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬೆರಳಿನಿಂದಲೇ ಹಿಂಜಿ, ಹೆಗಲಿಗೆ ಕೂಡುವಂತೆ ಸಣ್ಣ ಸಣ್ಣ ಗಾದಿ ಹೊಲಿದರು. ದಾದಾ ಅದನ್ನು ಹಾಕಿಕೊಂಡು ಹೊರಗೆ ಹೋಗಿ ಬಂದವರು ಕೈ ಮುಗಿದು, "ಇದನ್ನು ಯಾರು ಕಲಿಸಿದರು?" ಎಂದು ಕೇಳಿದರು. "ನಮ್ಮಪ್ಪ" ಎನ್ನುವಾಗ ಊರು ನೆನಪಾಯಿತು ಎಂದು ಕೌಸರ ಹೇಳುತ್ತಾರೆ. ಮನೆ ಬಿಟ್ಟು ಅಷ್ಟು ದಿನ ಅವರು ಎಂದೂ ಇದ್ದವರಲ್ಲ.

ಅವಘಡ ಆದದ್ದು ಎಲ್ಲ ಸುಸೂತ್ರ ನಡೆದಿದೆ ಅನ್ನುವಾಗ. ಅರುಣಕುಮಾರ ಮತ್ತು ಎಂಜಿನಿಯರು ಮನೆಯ ಹಿಂದಿನ ದಿಬ್ಬದಾಚೆ ಒಣಹಳ್ಳಕ್ಕೆ ಕಲ್ಲು ಆಯಲು ಹೋಗಿದ್ದರು. ಹಳ್ಳದ ದಡ ಕುಸಿಯಿತು. ಅರುಣಕುಮಾರ ಕೆಳಗೆ ಬಿದ್ದರು, ಒಂದು ಚೂಪುಗಲ್ಲು ಮೊಣಕಾಲಿನ ಹಿಂಭಾಗವನ್ನು ಉಡುಪಿನ ಸಮೇತ ಸೀಳಿತು.

ಎಂಜಿನಿಯರು ರೇಡಿಯೊದಲ್ಲಿ ಕೂಗಿದರು. "ರಕ್ತ ನಿಲ್ಲುತ್ತಿಲ್ಲ. ಬೂಟು ತುಂಬಿ ಹೊರಗೆ ಬರುತ್ತಿದೆ."

ದಾದಾ ಗಾಬರಿಯಾಗುವ ಮನುಷ್ಯರಲ್ಲ. ನಿಯಮದಂತೆ ಹೇಳಿದರು: "ಸಿಸ್ಟರ್, ಉಡುಪು ಹಾಕಿಕೊಳ್ಳಿ. ನಾನೂ ಬರುತ್ತೇನೆ." ಉಡುಪು ಹಾಕಿಕೊಳ್ಳುವುದೆಂದರೆ ಇಬ್ಬರ ಸಹಾಯ ಬೇಕಾಗುವ ದೊಡ್ಡ ಕೆಲಸ. ಆಮೇಲೆ ನಡುಕೋಣೆಯ ಕಾಯುವಿಕೆ. ಕೌಸರ ರೇಡಿಯೊಗೆ ಕಿವಿಗೊಟ್ಟರು. ಹಿಂದೆ ಎಲ್ಲೋ ಅರುಣಕುಮಾರ ಕನ್ನಡದಲ್ಲಿ ಏನೋ ಗೊಣಗುತ್ತಿದ್ದರು. ಮಾತು ತೊದಲುತ್ತಿತ್ತು.

"ದಾದಾ, ಅಷ್ಟು ಹೊತ್ತು ಇಲ್ಲ" ಎಂದವರೇ ಔಷಧದ ಚೀಲ ಎತ್ತಿಕೊಂಡರು. ಒಳಬಾಗಿಲು ತೆರೆದರು. ನಡುಕೋಣೆಯಲ್ಲಿ ಕಾಯದೆ ಹೊರಬಾಗಿಲನ್ನೂ ನೂಕಿದರು. ಅಪಾಯದ ಗಂಟೆ ಕಿರುಚಿತು. ಹಿಂದೆ ದಾದಾ ಒಳಬಾಗಿಲನ್ನು ದಡಾರನೆ ಮುಚ್ಚಿದ ಸದ್ದು ಕೇಳಿಸಿತು.

ಮುಖಕ್ಕೆ ಗಾಳಿ ಬಡಿಯಿತು. ಎಷ್ಟೋ ವಾರಗಳ ಮೇಲೆ ಬಿಸಿಲು, ಮಣ್ಣಿನ ವಾಸನೆ. ಅದನ್ನೆಲ್ಲ ಅವರು ಗಮನಿಸಿದ್ದು ಆಮೇಲೆ ನೆನಪಿನಲ್ಲಿ. ಆಗ ಸಲವಾರದ ನೆರಿಗೆ ಎತ್ತಿ ಹಿಡಿದು, ಕಾಲಲ್ಲಿದ್ದ ರಬ್ಬರ್ ಚಪ್ಪಲಿ ಎಲ್ಲೋ ಕಳಚಿ, ಬರಿಗಾಲಲ್ಲಿ ದಿಬ್ಬ ಹತ್ತಿ ಇಳಿದರು.

ಅರುಣಕುಮಾರ ಮಗ್ಗುಲಾಗಿ ಬಿದ್ದಿದ್ದರು. ಕೌಸರ ಮೊದಲು ಅವರ ಹೆಲ್ಮೆಟ್ಟು ತೆಗೆದು ಬಿಸಾಕಿದರು. ಕತ್ತರಿಯಿಂದ ದಪ್ಪ ಬಟ್ಟೆ ಸೀಳಿ, ಗಾಯಕ್ಕೆ ಬಟ್ಟೆಯ ಉಂಡೆ ಒತ್ತಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಕೂತರು.

"ಸರ್, ನನ್ನ ಕಡೆ ನೋಡ್ರಿ. ಕಣ್ಣ ಮುಚ್ಚಬ್ಯಾಡ್ರಿ. ನರಗುಂದದಾಗ ನಿಮ್ಮ ಮನಿ ಎಲ್ಲಿ ಬರ್ತೈತಿ? ಹೇಳ್ರಿ ನನಗ."

"ಗುಡ್ಡದ... ಗುಡ್ಡದ ಕೆಳಗ..."

"ಗುಡ್ಡದ ಕೆಳಗ ಎಲ್ಲಾರ ಮನೀನೂ ಅದಾವು. ಸರಿಯಾಗಿ ಹೇಳ್ರಿ."

ಕಾಲು ಎತ್ತಿ ಹಿಡಿಯಲು ಇನ್ನೊಬ್ಬರು ಬೇಕಾಗಿತ್ತು. ಎಂಜಿನಿಯರು ಮೂರು ಹೆಜ್ಜೆ ದೂರದಲ್ಲಿ ಕಂಬದ ಹಾಗೆ ನಿಂತಿದ್ದರು. ದಪ್ಪ ಕೈಗವಸಿನಲ್ಲಿ ಅವರಿಂದ ಏನೂ ಹಿಡಿಯಲಾಗುತ್ತಿರಲಿಲ್ಲ. "ಹೆಲ್ಮೆಟ್ಟು, ಕೈಗವಸು ತೆಗೆದು ಬನ್ನಿ" ಎಂದು ಕೌಸರ ಹಿಂದಿಯಲ್ಲಿ ಕೂಗಿದರು. ಎಂಜಿನಿಯರ ಕೈ ಹೆಲ್ಮೆಟ್ಟಿನ ಕೊಂಡಿಯ ತನಕ ಹೋಗಿ ನಿಂತುಬಿಟ್ಟಿತು. ಗಾಜಿನೊಳಗೆ ಅವರ ಕಣ್ಣುಗಳು ಅಗಲವಾಗಿದ್ದವು. ಹೊರಗಿನ ಗಾಳಿ ತಾಗಿದರೆ ಸಾಯುತ್ತೇನೆ ಎಂದು ವಾರಗಟ್ಟಲೆ ನಂಬಿ ನಂಬಿ, ಅವರ ಮೈಗೆ ಅದು ನಿಜವೇ ಆಗಿಹೋಗಿತ್ತು.

ಕೌಸರ ದನಿ ತಗ್ಗಿಸಿದರು. ಸೂಜಿಗೆ ಹೆದರುವ ಮಕ್ಕಳ ಜತೆ ಮಾತಾಡುವ ಹಾಗೆ ಹೇಳಿದರು: "ನನ್ನನ್ನು ನೋಡಿ ಅಣ್ಣ. ನಾನು ಉಸಿರಾಡುತ್ತಿದ್ದೇನೆ. ಇದು ನಮ್ಮದೇ ಗಾಳಿ. ತೆಗೆಯಿರಿ."

ಕೊಂಡಿ ಕಳಚಿತು. ಎಂಜಿನಿಯರು ನೀರಿನಿಂದ ಮೇಲೆದ್ದವರ ಹಾಗೆ ಒಂದು ದೀರ್ಘ ಉಸಿರೆಳೆದರು, ಕೂಡಲೇ ಮೊಣಕಾಲೂರಿ ಕೂತು ಅರುಣಕುಮಾರರ ಕಾಲನ್ನು ಎತ್ತಿ ಹಿಡಿದರು. ಕೌಸರ ಗಟ್ಟಿಯಾಗಿ ಪಟ್ಟಿ ಸುತ್ತಿದರು. ಗಂಟೆ ಕೇಳಿ ಕ್ಯಾಂಪಿನ ಜೀಪು ಬರುವ ಹೊತ್ತಿಗೆ ರಕ್ತ ನಿಂತಿತ್ತು. ಎಂಜಿನಿಯರು ಮನೆಯೊಳಗೆ ಮರಳಿದರು. ಹತ್ತಿರದ ಊರಿನ ಆಸ್ಪತ್ರೆಯ ತನಕ ಕೌಸರ ಆ ಗಾಯದಿಂದ ಕೈ ತೆಗೆಯಲಿಲ್ಲ. ಕಾಲೂ ಉಳಿಯಿತು, ಜೀವವೂ ಉಳಿಯಿತು ಎಂದು ಅಲ್ಲಿನ ಡಾಕ್ಟರು ಹೇಳಿದ ಮೇಲೆ ಹೊರಗೆ ಬಂದು, ಗೋಡೆಗೆ ಒರಗಿ ಕೂತು ತಮ್ಮ ಅಂಗಾಲು ನೋಡಿಕೊಂಡರು. ಎರಡೂ ಕಲ್ಲಿಗೆ ಸಿಕ್ಕು ಹರಿದಿದ್ದವು.

ಮರುದಿನ ಕ್ಯಾಂಪಿಗೆ ಮರಳಿದಾಗ ದೊಡ್ಡ ಚರ್ಚೆ ನಡೆದಿತ್ತು. ಎಷ್ಟೋ ಜನ ವರ್ಷಗಟ್ಟಲೆ ದುಡಿದು ನಿಲ್ಲಿಸಿದ ಪ್ರಯೋಗ. ನಿಯಮ ಮುರಿದಿದೆ, ಇಲ್ಲಿಗೇ ಮುಗಿಸಬೇಕೇ ಬೇಡವೇ? ಮೇಲ್ವಿಚಾರಕರಲ್ಲಿ ಹಿರಿಯರಾದ ಹೆಂಗಸು ಕೌಸರ ಅವರನ್ನು ಕೂರಿಸಿಕೊಂಡು, ಚಹಾ ಕೊಟ್ಟು, ಸಮಾಧಾನದಿಂದಲೇ ಹೇಳಿದರು. "ನೀವು ಮಾಡಿದ್ದು ಸರಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಟದ ಲೆಕ್ಕದಲ್ಲಿ ನೀವು ಬಾಗಿಲಲ್ಲೇ ತೀರಿಕೊಂಡಿರಿ. ಅರುಣಕುಮಾರ ಹಳ್ಳದಲ್ಲಿ. ಎಂಜಿನಿಯರದು ಹೇಗೋ ಏನೋ ಎಂದು ಇನ್ನೂ ಜಗಳ ಆಡುತ್ತಿದ್ದಾರೆ."

"ಅವರನ್ನು ಬದುಕಿಸಿ" ಎಂದರು ಕೌಸರ. "ನಾನು ಕರೆದದ್ದಕ್ಕೆ ಅವರು ಹೆಲ್ಮೆಟ್ಟು ತೆಗೆದದ್ದು."

ಹಿರಿಯರು ನಕ್ಕುಬಿಟ್ಟರು. ಎಂಜಿನಿಯರು ಬದುಕಿದರು ಎಂದೇ ಆಯಿತು. ಇಬ್ಬರನ್ನು ಕಳೆದುಕೊಂಡ ತಂಡ ಹೇಗೆ ಬದುಕುತ್ತದೆ ಎಂದು ನೋಡೋಣ, ಉಳಿದ ನಾಲ್ವರು ಒಳಗೇ ಇರಲಿ ಎಂದು ತೀರ್ಮಾನವಾಯಿತು. ಕೌಸರ ಒಂದೇ ಷರತ್ತು ಹಾಕಿದರು. ಅರುಣಕುಮಾರ ಚೆನ್ನಾಗಿದ್ದಾರೆ ಎಂಬ ಸುದ್ದಿಯನ್ನು ಒಳಗಿನವರಿಗೆ ಆ ಕ್ಷಣವೇ ಕೊಡಬೇಕು, ಮಂಗಳದ ತಡ ಮಾಡಿ ಅಲ್ಲ. ಆಟದಲ್ಲಿ ತಾವಿಬ್ಬರೂ ಸತ್ತಿರಲಿ, ಆದರೆ ಒಳಗಿನವರ ಹೊಟ್ಟೆಗೆ ನಿಜವಾಗಿ ಬೆಂಕಿ ಬೀಳಬಾರದು. ರೇಡಿಯೊ ಹಚ್ಚಿದರು. ಸುದ್ದಿ ಕೇಳಿ ಒಳಗೆ ಎಂಜಿನಿಯರು ಅತ್ತದ್ದು ಹೊರಗೆ ಕೇಳಿಸಿತು.

ಕೌಸರ ಊರಿಗೆ ಹೊರಡಬಹುದಿತ್ತು. ಹೊರಡಲಿಲ್ಲ. ಅರುಣಕುಮಾರರ ಪಟ್ಟಿ ನೋಡಿಕೊಳ್ಳುತ್ತ, ಒಳಗಿನವರ ಆರೋಗ್ಯವನ್ನು ರೇಡಿಯೊದಲ್ಲೇ ವಿಚಾರಿಸುವ ಡಾಕ್ಟರಿಗೆ ನೆರವಾಗುತ್ತ ಕ್ಯಾಂಪಿನಲ್ಲೇ ಉಳಿದರು. ಒಂದು ಸಂಜೆ ಒಳಗಿನ ನಾಲ್ವರು ಸತ್ತವರಿಗಾಗಿ ಸಭೆ ಸೇರಿದರು. ಅದೂ ಪ್ರಯೋಗದ ಭಾಗವೇ. ಕೌಸರ ಡೇರೆಯ ಹೊರಗೆ ಕುರ್ಚಿ ಹಾಕಿಕೊಂಡು, ತಮ್ಮ ಸಾವಿನ ಮಾತನ್ನು ತಾವೇ ರೇಡಿಯೊದಲ್ಲಿ ಕೇಳಿದರು.

ಗಿಡದ ಬಾಯಿಯವರು, ಈಗ ಊಟಕ್ಕೆ ಎಲ್ಲರೂ ತಾವಾಗಿಯೇ ಒಟ್ಟಿಗೆ ಕೂರುತ್ತೇವೆ ಎಂದರು. ದಿಲ್ಲಿಯ ತರುಣಿ, ತಾನು ದಿನವೂ ಎಲ್ಲರ ಮನಸ್ಸಿನ ಪ್ರಶ್ನೆ ಕೇಳುತ್ತಿದ್ದೆ, ತನ್ನ ಮನಸ್ಸನ್ನು ಕೇಳಿದವರು ಸಿಸ್ಟರ್ ಒಬ್ಬರೇ ಎಂದಳು. ಎಂಜಿನಿಯರು "ಅವರು ಉಸಿರಾಡಿ ತೋರಿಸಿದರು" ಎಂದಷ್ಟೇ ಹೇಳಿ ನಿಲ್ಲಿಸಿದರು. ದಾದಾ ಕೊನೆಗೆ ಮಾತಾಡಿದರು. "ನಾನು ಅವರ ಹಿಂದೆ ಬಾಗಿಲು ಮುಚ್ಚಿದೆ. ನಿಯಮದಂತೆ ಮುಚ್ಚಲೇಬೇಕಿತ್ತು. ನಾಳೆ ನಿಜವಾದ ಮಂಗಳದಲ್ಲಿಯೂ ಯಾರೋ ಒಬ್ಬರು ಆ ಬಾಗಿಲು ಮುಚ್ಚಬೇಕಾಗುತ್ತದೆ. ಆ ಕೈಗೆ ಎಷ್ಟು ಭಾರವಾಗುತ್ತದೆ ಎಂದು ನನಗೆ ಈಗ ಗೊತ್ತು."

"ನಾ ನಗಾಕ ಹೋದೆ, ಅಳು ಬಂತು" ಎಂದು ಕೌಸರ ಹೇಳುತ್ತಾರೆ. "ಜೀವಂತ ಇದ್ದಾಗ ಯಾರಿಗಿ ಇಂಥಾ ಮಾತು ಕೇಳಾಕ ಸಿಗ್ತಾವು ಹೇಳು?"

ಅವಧಿ ಮುಗಿದು ನಾಲ್ವರೂ ಹೊರಗೆ ಬಂದ ದಿನ ದಾದಾ ನೇರವಾಗಿ ಕೌಸರ ಅವರ ಬಳಿ ಬಂದು ಅವರ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಎಲ್ಲರೂ ಕೂತು ಮುಂದಿನ ತಂಡಗಳಿಗಾಗಿ ಒಂದು ಹೊಸ ನಿಯಮ ಮಾಡಿದರು. ಒಳಗೆ ಹೋಗುವ ಮೊದಲೇ ಒಂದು ಶಬ್ದ ಗೊತ್ತುಮಾಡಿಕೊಳ್ಳಬೇಕು. ಜೀವಕ್ಕೆ ಅಪಾಯ ಎಂದು ಕಂಡಾಗ ಅದನ್ನು ನರ್ಸು ಹೇಳಿದರೆ ಸಾಕು, ಆಟ ಅಲ್ಲಿಗೇ ನಿಂತಿತು, ನಾಯಕರೂ ಎದುರಾಡುವಂತಿಲ್ಲ. ಯಾವ ಶಬ್ದ ಎಂದು ಕೇಳಿದಾಗ ಕೌಸರ "ಸಾಕು" ಎಂದರು. ಕನ್ನಡ ಬಾರದವರೂ ಅದನ್ನೇ ಒಪ್ಪಿದರು.

ಮುಂದಿನ ಚಳಿಗಾಲಕ್ಕೆ ಅವರನ್ನು ಮತ್ತೆ ಕರೆದರು, ಈ ಸಲ ತಂಡದ ಉಪನಾಯಕಿಯಾಗಿ. ಹೋಗಲು ಮನಸ್ಸಿತ್ತು. ಆದರೆ ಆ ವರ್ಷ ಹೊಳೆ ಮತ್ತೆ ಬಂದಿತ್ತು, ಮೊದಲಿಗಿಂತ ಜೋರಾಗಿ. ತಗಡಿನ ಶೆಡ್ಡುಗಳಲ್ಲಿ ಉಳಿದಿದ್ದ ಜನಕ್ಕೆ ಜ್ವರ, ವಾಂತಿಭೇದಿ. ಅವರನ್ನು ಬಿಟ್ಟು ಹೊರಡುವುದು ಸರಿ ಕಾಣಲಿಲ್ಲ. ಬದಲಿಗೆ ಒಂದು ಭಾನುವಾರ ಧಾರವಾಡಕ್ಕೆ ಹೋಗಿ, ಅರುಣಕುಮಾರರ ಕಾಲೇಜಿನಲ್ಲಿ ತರಬೇತಿಗೆ ಸೇರಿದ್ದ ಹೊಸ ತಂಡದವರಿಗೆ ರಕ್ತ ನಿಲ್ಲಿಸುವುದನ್ನೂ, ಕೈಯಲ್ಲೇ ಹತ್ತಿ ಹಿಂಜಿ ಹೆಗಲಿನ ಗಾದಿ ಹೊಲಿಯುವುದನ್ನೂ ಕಲಿಸಿದರು. ಕೋಲು ಹಿಡಿದು ನಡೆಯುತ್ತಿದ್ದ ಅರುಣಕುಮಾರ ಬಾಗಿಲಲ್ಲೇ ನಿಂತು ಅವರನ್ನು ಬರಮಾಡಿಕೊಂಡರು.

ಹೊಸ ತಂಡದ ಒಬ್ಬ ಕನ್ನಡದ ಹುಡುಗಿ ಎದ್ದು ನಿಂತು ಕೇಳಿದಳಂತೆ: "ಬಾಗಿಲು ತೆಗೆದು ಓಡುವಾಗ ನಿಮಗೆ ಅಂಜಿಕೆ ಆಗಲಿಲ್ಲವೇ?"

ಕೌಸರ ನಿಜವನ್ನೇ ಹೇಳಿದರು. "ಓಡುವಾಗ ಇಲ್ಲವ್ವ. ಅದಕ್ಕೂ ಮೊದಲ, ಚೀಲಾ ಎತ್ತಿಕೊಳ್ಳುವಾಗ ಆತು. ಎಲ್ಲಾರೂ ಇಷ್ಟ ಕಷ್ಟಪಟ್ಟು ಕಟ್ಟಿದ್ದನ್ನ ನಾ ಒಬ್ಬಾಕಿ ಕೆಡಸ್ತೀನೇನೋ ಅಂತ ಅಂಜಿದ್ನಿ. ಅಂಜಿಕೊಂತನ ಎತ್ತಿಕೊಂಡ್ನಿ."

ಹುಡುಗಿ ಕೂತಳು. ಕೌಸರ ಇನ್ನೊಂದು ಹತ್ತಿಯ ಉಂಡೆ ಕೈಗೆತ್ತಿಕೊಂಡು, ಅದರ ಗಂಟುಗಳನ್ನು ಬಿಡಿಸುವುದು ಹೇಗೆಂದು ಎಲ್ಲರಿಗೂ ಕಾಣುವಂತೆ ನಿಧಾನವಾಗಿ ತೋರಿಸತೊಡಗಿದರು. ಸಂಜೆಯ ರೋಣದ ಬಸ್ಸಿಗೆ ಅವರು ಊರಿಗೆ ಹೊರಟರು. ಸೋಮವಾರ ಮುಂಜಾನೆ ಶೆಡ್ಡುಗಳಲ್ಲಿ ಲಸಿಕೆ ಹಾಕುವುದಿತ್ತು.